ಸೆಲ್ ಹೊಸದು, ಆದರೂ ಕಾರಿನ ಕೀ ಕೆಲಸ ಮಾಡುತ್ತಿಲ್ಲ

ಕಾರಿನ ರಿಮೋಟ್ ಕೀಗೆ ಸೆಲ್ ಬದಲಾಯಿಸುವುದು ಐದು ನಿಮಿಷದ ಕೆಲಸ. ಕೀ ಕೆಡುವುದೂ ಹೆಚ್ಚಾಗಿ ಆ ಐದು ನಿಮಿಷದಲ್ಲೇ. ಪುಣೆಯ ನಮ್ಮ ಸೊಸೈಟಿಯಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರು ಸಾಕಷ್ಟು ಜನ ಇದ್ದೇವೆ. ಚಾಕಣ್‌ಗೋ ಪಿಂಪ್ರಿಗೋ ಡ್ಯೂಟಿಗೆ ಹೊರಟವರು ಪಾರ್ಕಿಂಗ್‌ನಲ್ಲೇ ನಿಂತು ಫೋನ್ ಮಾಡುವುದುಂಟು: “ಅಣ್ಣಾರ, ನಿನ್ನೇನ ಹೊಸ ಸೆಲ್ ಹಾಕ್ಸೇನ್ರಿ, ಆದ್ರೂ ಡೋರ್ ತಗೀವಲ್ದು. ಕೀದ ಪ್ರೋಗ್ರಾಮ್ ಹೋತೇನ್ರಿ?”

ಪ್ರೋಗ್ರಾಮ್ ಹೋಗಿರುವ ಸಾಧ್ಯತೆ ತೀರಾ ಕಡಿಮೆ. ಆದರೆ ಹಾಗೆಂದು ಹೆದರಿಸುವವರು ಜಾಸ್ತಿ. “ಸೆಲ್ ತೆಗೆದಾಗ ಮೆಮೊರಿ ಅಳಿಸಿಹೋಗಿದೆ, ಹೊಸ ಕೀ ಮಾಡಿಸಬೇಕು” ಎಂದು ಯಾರಾದರೂ ಹೇಳಿದರೆ ಪರ್ಸ್ ತೆಗೆಯುವ ಮೊದಲು ಒಂದು ವಿಷಯ ಗೊತ್ತಿರಲಿ. ಈಗಿನ ಹೆಚ್ಚಿನ ಕೀಗಳಲ್ಲಿ ಗುರುತಿನ ನಂಬರ್, ಗುಪ್ತ ಕೋಡ್, ಎಷ್ಟು ಸಲ ಬಟನ್ ಒತ್ತಿದ್ದೀರಿ ಅನ್ನುವ ಲೆಕ್ಕ, ಎಲ್ಲವೂ ಈಈಪ್ರಾಮ್ ಎಂಬ ಮೆಮೊರಿಯಲ್ಲಿ ಇರುತ್ತವೆ. ಕರೆಂಟ್ ಇಲ್ಲದಿದ್ದರೂ ಅಲ್ಲಿ ಬರೆದದ್ದು ಅಳಿಯುವುದಿಲ್ಲ. ಸೆಲ್ ತೆಗೆದು ವಾರಗಟ್ಟಲೆ ಡ್ರಾಯರ್‌ನಲ್ಲಿ ಇಟ್ಟರೂ ಏನೂ ಆಗುವುದಿಲ್ಲ. ಕೆಲವು ಹಳೆಯ ಕೀಗಳು ಮಾತ್ರ ಈ ಮಾತಿಗೆ ಹೊರತು. ಅವುಗಳ ವಿಷಯ ಆಮೇಲೆ.

ಹಾಗಾದರೆ ತಪ್ಪು ಎಲ್ಲಿದೆ? ಅದನ್ನು ಹುಡುಕಲು ಕೀ ಒಳಗೆ ಏನಿದೆ ಅಂತ ತಿಳಿದಿರಬೇಕು. ಕೈಯಲ್ಲಿ ಒಂದೇ ಕೀ ಇದ್ದರೂ ಒಳಗಿರುವುದು ಮೂರು. ಒಂದು, ಲೋಹದ ಕೀ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಗಾಡಿಗಳ ಸ್ಮಾರ್ಟ್ ಕೀಯಲ್ಲೂ ಅದು ಇರುತ್ತದೆ, ಒಳಗೆ ಅಡಗಿರುತ್ತದೆ ಅಷ್ಟೇ. ಎರಡು, ರೇಡಿಯೋ ರಿಮೋಟ್. ಬಾಗಿಲು ತೆಗೆಯುವ, ಹಾಕುವ ಕೆಲಸ ಇದರದು. ನಮ್ಮಲ್ಲಿನ ಕಾರುಗಳಲ್ಲಿ ಇದು ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ ಕಳಿಸುತ್ತದೆ. ಸೆಲ್ ಬೇಕಾಗಿರುವುದು ಇದಕ್ಕೆ. ಮೂರು, ಇಮ್ಮೊಬಿಲೈಸರ್ ಚಿಪ್. ಇಗ್ನಿಷನ್ ಸ್ವಿಚ್ ಸುತ್ತ ಒಂದು ತಂತಿ ಸುರುಳಿ ಇರುತ್ತದೆ. ಅದು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಚಿಪ್ ಆ ಕ್ಷೇತ್ರದಿಂದಲೇ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಗುರುತು ಸರಿಯಿದ್ದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ. ಈ ಚಿಪ್‌ಗೆ ಸೆಲ್ ಬೇಕಾಗಿಯೇ ಇಲ್ಲ.

ಆದ್ದರಿಂದ ಫೋನ್ ಮಾಡಿದವರಿಗೆ ನಾನು ಕೇಳುವ ಮೊದಲ ಪ್ರಶ್ನೆ: ಲೋಹದ ಕೀಯಿಂದ ಬಾಗಿಲು ತೆಗೆದು ಒಳಗೆ ಕೂತರೆ ಗಾಡಿ ಸ್ಟಾರ್ಟ್ ಆಗುತ್ತದಾ? ಸ್ಟಾರ್ಟ್ ಆಗಿ, ಬಟನ್ ಮಾತ್ರ ಕೆಲಸ ಮಾಡದಿದ್ದರೆ ತೊಂದರೆ ರಿಮೋಟ್‌ನದು. ಅಂದರೆ ಸೆಲ್, ಸೆಲ್ ಕೂರುವ ಜಾಗ, ಬಟನ್, ಇಲ್ಲವೇ ಕೀ–ಕಾರಿನ ಲೆಕ್ಕ ತಪ್ಪಿರುವುದು (ಅದರ ವಿವರ ಮುಂದಿದೆ). ಬಟನ್ ಕೆಲಸ ಮಾಡಿ ಗಾಡಿ ಸ್ಟಾರ್ಟ್ ಆಗದಿದ್ದರೆ ಚಿಪ್ ಕಡೆ ನೋಡಬೇಕು. ಎರಡನೇ ಪ್ರಶ್ನೆ: ಇನ್ನೊಂದು ಕೀ ಇದೆಯಲ್ವಾ, ಅದು ಕೆಲಸ ಮಾಡುತ್ತದಾ? ಅದೂ ಮಾಡದಿದ್ದರೆ ಕೀ ಬಿಡಿ, ಕಾರನ್ನು ನೋಡಿ. ಈ ಎರಡು ಪ್ರಶ್ನೆ ಕೇಳದೆ ಕೋಡಿಂಗ್, ಅಂದರೆ ಕೀಗೆ ಮತ್ತೆ ಪ್ರೋಗ್ರಾಮ್ ಹಾಕುವ ಮಾತು ಎತ್ತುವವರನ್ನು ನಾನು ನಂಬುವುದಿಲ್ಲ.

ಸೆಲ್ ಮೇಲಿನ ನಂಬರ್

ಮೊದಲು ಸೆಲ್ ಮೇಲಿನ ಅಕ್ಷರ ಓದಿ. ಸಿಆರ್2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2025 ಅಷ್ಟೇ ಅಗಲ, ದಪ್ಪ ಮಾತ್ರ 2.5. ಸಿಆರ್2016 ಅದರ ಇನ್ನೊಬ್ಬ ತಮ್ಮ, 1.6. ಮೊದಲ ಎರಡು ಅಂಕಿ ಅಗಲ, ಕೊನೆಯ ಎರಡು ದಪ್ಪ. ಮೂರೂ 3 ವೋಲ್ಟ್‌ನವೇ. ಅದಕ್ಕೇ ಅಂಗಡಿಯವರು “ಎರಡೂ ಒಂದೇ ಸಾರ್, ನಡೆಯುತ್ತದೆ” ಎಂದು 2032 ಜಾಗಕ್ಕೆ 2025 ಕೊಟ್ಟುಬಿಡುತ್ತಾರೆ. ವೋಲ್ಟೇಜ್ ಒಂದೇ ನಿಜ. ಆದರೆ 0.7 ಮಿಲಿಮೀಟರ್ ಸಂದಿ ಉಳಿಯುತ್ತದೆ. ಅಂಗಡಿಯಲ್ಲಿ ಮೇಜಿನ ಮೇಲೆ ಕೆಲಸ ಮಾಡುವ ಕೀ ಜೇಬಿನಲ್ಲಿ ಅಲುಗಾಡಿದೊಡನೆ ನಿಲ್ಲುತ್ತದೆ. ಸಂದಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ತುರುಕಿರುವುದನ್ನೂ ನೋಡಿದ್ದೇನೆ. ಆ ಕಾಗದ ಜಾರಿ ಬೇರೆ ಕಡೆ ತಾಗಿದರೆ ಶಾರ್ಟ್.

ಇದಕ್ಕಿಂತ ಕೆಟ್ಟ ಉಪಾಯ ಇನ್ನೊಂದಿದೆ. 2032 ಸಿಗಲಿಲ್ಲ ಅಂತ ಎರಡು 2016 ಒಂದರ ಮೇಲೊಂದು ಇಡುವುದು. ದಪ್ಪ ಸರಿಯಾಗಿ 3.2 ಆಗುತ್ತದೆ, ಚೆನ್ನಾಗಿ ಕೂರುತ್ತದೆ. ಆದರೆ ವೋಲ್ಟೇಜ್ 6 ಆಗಿರುತ್ತದೆ. 3 ವೋಲ್ಟ್‌ಗೆ ಮಾಡಿದ ಸರ್ಕ್ಯೂಟ್‌ಗೆ ಇದು ಅಪಾಯ. ಎಲ್‌ಐಆರ್2032 ಎಂಬ ಚಾರ್ಜ್ ಆಗುವ ಸೆಲ್ ಕೂಡ ಬೇಡ. ಫುಲ್ ಚಾರ್ಜ್ ಆದಾಗ ಅದು 4.2 ವೋಲ್ಟ್ ಕೊಡುತ್ತದೆ. ಹಾಗೇ, ಹೊರಗಿನಿಂದ ಹಾಕಿಸಿದ ಹಳೆಯ ಸೆಕ್ಯುರಿಟಿ ರಿಮೋಟ್‌ಗಳಲ್ಲಿ ಕಿರುಬೆರಳಿಗಿಂತ ಚಿಕ್ಕದಾದ 23ಎ ಸೆಲ್ ಇರುತ್ತದೆ. ಅದು 12 ವೋಲ್ಟ್‌ನದು. ಗಾತ್ರ ನೋಡಿ ಮೋಸ ಹೋಗಬೇಡಿ.

ಹೊಸ ಸೆಲ್ ಅಂದರೆ ಒಳ್ಳೆಯ ಸೆಲ್ ಎಂದೇನೂ ಅಲ್ಲ. ಗಡಿಯಾರದ ಅಂಗಡಿಯ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬಿದ್ದಿರುವ ಸೆಲ್‌ಗಳು ಒಂದಕ್ಕೊಂದು ತಾಗಿ ಅರ್ಧ ಖಾಲಿಯಾಗಿರುತ್ತವೆ. ಪ್ರತಿ ಸೆಲ್‌ಗೂ ಬೇರೆ ಗೂಡು ಇರುವ, ತಾರೀಖು ಹಾಕಿರುವ ಪ್ಯಾಕ್ ಕೇಳಿ. ಮೀಟರ್ ಇದ್ದರೆ ಅಳೆಯಿರಿ. ಹೊಸ ಸೆಲ್ 3 ವೋಲ್ಟ್‌ಗಿಂತ ಸ್ವಲ್ಪ ಜಾಸ್ತಿಯೇ, 3.2ರ ಹತ್ತಿರ ತೋರಿಸುತ್ತದೆ. ಆದರೆ ಬರೀ ಸೆಲ್ ಅಳೆದರೆ ಸಾಲದು. ದುರ್ಬಲ ಸೆಲ್ ಸುಮ್ಮನೆ ಕೂತಾಗ 3 ವೋಲ್ಟ್ ತೋರಿಸಿ, ರಿಮೋಟ್ ಸಿಗ್ನಲ್ ಕಳಿಸಲು ಹೊರಟ ಕ್ಷಣ ಕುಸಿಯುತ್ತದೆ. ಸೆಲ್ ರಿಮೋಟ್‌ನಲ್ಲಿ ಇರುವಾಗಲೇ ಮೀಟರ್ ಹಿಡಿದು ಬಟನ್ ಒತ್ತಿ ನೋಡಿ. ಮುಳ್ಳು ಎರಡೂವರೆಗಿಂತ ಕೆಳಗೆ ಇಳಿದರೆ ನಾನು ಆ ಸೆಲ್ ನಂಬುವುದಿಲ್ಲ.

ಇತ್ತೀಚೆಗೆ ಬಂದಿರುವ ತೊಂದರೆ ಒಂದಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಮಕ್ಕಳು ಬಾಯಿಗೆ ಹಾಕಿದರೆ ಉಗುಳಲಿ ಅಂತ ಕೆಲವು ಕಂಪನಿಗಳು ಸೆಲ್‌ಗೆ ಕಹಿ ಲೇಪನ ಹಚ್ಚುತ್ತವೆ. ಉದ್ದೇಶ ಬಹಳ ಒಳ್ಳೆಯದು. ಆದರೆ ಕಾಂಟ್ಯಾಕ್ಟ್ ತಾಗುವ ಜಾಗದಲ್ಲೇ ಆ ಲೇಪನ ಇದ್ದರೆ ಕರೆಂಟ್ ಹರಿಯುವುದಿಲ್ಲ. ಆ್ಯಪಲ್ ಕಂಪನಿ, ಕಳೆದ ವಸ್ತು ಹುಡುಕಲು ಬಳಸುವ ತನ್ನ ಏರ್‌ಟ್ಯಾಗ್‌ನಲ್ಲಿ ಇಂಥ ಸೆಲ್ ಕೆಲಸ ಮಾಡದೇ ಇರಬಹುದು ಎಂದು ಬಳಕೆದಾರರಿಗೆ ಹೇಳಿಯೇ ಇದೆ. ಕಾರಿನ ಕೀಯಲ್ಲೂ ಅದೇ ಆಗಬಹುದು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಎರಡೂ ಮುಖ ಒರೆಸಿ ಹಾಕಿ ನೋಡಿ. ಬೆರಳಿನ ಎಣ್ಣೆ, ಬೆವರು ಕೂಡ ಹೀಗೆಯೇ ಹೋಗುತ್ತದೆ. ಹಾಕುವಾಗ ಸೆಲ್‌ನ ಅಂಚು ಹಿಡಿಯಿರಿ. ಕೆಲವು ಸೆಲ್‌ಗಳ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ. ಉಗುರಿನಿಂದ ಕೆರೆದು ನೋಡಿ.

ಸ್ಪ್ರಿಂಗ್ ಪಟ್ಟಿ

ನನ್ನ ಅನುಭವದಲ್ಲಿ ಅತಿ ಹೆಚ್ಚು ತಪ್ಪು ಇರುವುದು ಇಲ್ಲೇ. ಸೆಲ್‌ನ ಅಗಲವಾದ ಮುಖ ಮತ್ತು ಸುತ್ತಲಿನ ಅಂಚು ಎರಡೂ ಪ್ಲಸ್. ಇನ್ನೊಂದು ಬದಿಯಲ್ಲಿ ಸ್ವಲ್ಪ ಚಿಕ್ಕದಾದ ವೃತ್ತ ಮಾತ್ರ ಮೈನಸ್. ಹಲವು ಕೀಗಳಲ್ಲಿ ಪ್ಲಸ್ ಪಟ್ಟಿ ಅಂಚಿಗೆ ತಾಗುತ್ತದೆ, ಮೈನಸ್ ಪಟ್ಟಿ ಕೆಳಗಿನಿಂದ ತಾಗುತ್ತದೆ. ಸ್ಕ್ರೂಡ್ರೈವರ್‌ನಿಂದ ಹಳೆಯ ಸೆಲ್ ಎಬ್ಬಿಸುವಾಗ ಈ ತೆಳು ಪಟ್ಟಿಗಳು ಬಾಗುತ್ತವೆ. ಕೆಳಗಿನ ಪಟ್ಟಿ ಚಪ್ಪಟೆಯಾದರೆ ಸೆಲ್‌ಗೆ ತಾಗುವುದೇ ಇಲ್ಲ. ಜಾಸ್ತಿ ಮೇಲೆದ್ದು ಪಕ್ಕಕ್ಕೆ ವಾಲಿದರೆ ಅಂಚಿಗೂ ತಾಗಿ ಶಾರ್ಟ್ ಆಗುತ್ತದೆ. ಆಗ ಹೊಸ ಸೆಲ್ ಬೇಗನೆ ಖಾಲಿ.

ಪರೀಕ್ಷೆ ಸುಲಭ. ಕೀಯನ್ನು ಎರಡು ಬೆರಳ ನಡುವೆ ಗಟ್ಟಿಯಾಗಿ ಅದುಮಿ ಹಿಡಿದು ಬಟನ್ ಒತ್ತಿ. ಅದುಮಿದಾಗ ಕೆಲಸ ಮಾಡಿ ಬಿಟ್ಟಾಗ ನಿಂತರೆ, ಸೆಲ್ ಸರಿ ಇದೆ, ಹಿಡಿತ ಸಡಿಲವಾಗಿದೆ. ಹಲ್ಲುಕಡ್ಡಿಯಿಂದ ಪಟ್ಟಿಯನ್ನು ಕೂದಲೆಳೆಯಷ್ಟು ಮೇಲೆತ್ತಿ. ಲೋಹದ ಚಿಮುಟ ಬೇಡ, ಒಂದು ಸಲ ಮುರಿದರೆ ಬೆಸುಗೆಯೇ ಗತಿ. ಕೆಲವು ಕೀಗಳಲ್ಲಿ ಸೆಲ್ ಕೂರುವುದು ಮುಚ್ಚಳದ ಕಡೆ, ಇನ್ನು ಕೆಲವುಗಳಲ್ಲಿ ಸರ್ಕ್ಯೂಟ್ ಬೋರ್ಡ್ ಮೇಲೆ. ಹಾಗಾಗಿ ಪ್ಲಸ್ ಮೇಲೆ ಬರಬೇಕೋ ಕೆಳಗೆ ಬರಬೇಕೋ ಎಂಬುದಕ್ಕೆ ಎಲ್ಲಕ್ಕೂ ಒಂದೇ ನಿಯಮ ಇಲ್ಲ. ಬೋರ್ಡ್ ಮೇಲೋ ಪ್ಲಾಸ್ಟಿಕ್ ಮೇಲೋ ಚಿಕ್ಕ ಪ್ಲಸ್ ಗುರುತು ಇರುತ್ತದೆ, ಟಾರ್ಚ್ ಹಾಕಿ ಹುಡುಕಿ. ಮುಂದಿನ ಸಲ ಬಿಚ್ಚುವ ಮೊದಲು ಒಂದು ಫೋಟೊ ತೆಗೆದಿಟ್ಟರೆ ಈ ಪಜೀತಿ ಇಲ್ಲ.

ಎಲ್ಲ ಸರಿಯಿದ್ದೂ ರಿಮೋಟ್ ಸತ್ತಂತೆ ಇದ್ದರೆ ಇನ್ನೊಂದು ಮಾಡಿ. ಸೆಲ್ ತೂರಿಸುವಾಗ ಅದು ತಾಗಿ ಬಿಟ್ಟು ತಾಗಿ ಬಿಟ್ಟು ಒಳಗೆ ಹೋಗುತ್ತದೆ. ಕರೆಂಟ್ ಹೀಗೆ ಅರೆಬರೆಯಾಗಿ ಬಂದರೆ ಒಳಗಿನ ಚಿಕ್ಕ ಪ್ರೊಸೆಸರ್ ಹ್ಯಾಂಗ್ ಆಗಬಹುದು. ಸೆಲ್ ತೆಗೆಯಿರಿ. ಸೆಲ್ ಇಲ್ಲದೆಯೇ ಎಲ್ಲ ಬಟನ್‌ಗಳನ್ನೂ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡ್‌ನ ಕೆಪಾಸಿಟರ್‌ಗಳಲ್ಲಿ ಉಳಿದಿದ್ದ ಚಾರ್ಜ್ ಖಾಲಿಯಾಗುತ್ತದೆ. ಆಮೇಲೆ ಸೆಲ್ ಒಂದೇ ಸಲಕ್ಕೆ ಹಾಕಿ. ಖರ್ಚಿಲ್ಲದ ರಿಪೇರಿ. ಎಷ್ಟೋ ಸಲ ಇಷ್ಟರಲ್ಲೇ ಮುಗಿಯುತ್ತದೆ.

ಕೀಯ ಕೆಂಪು ಲೈಟ್ ಹೊತ್ತಿದರೆ ರಿಮೋಟ್ ಸರಿ ಇದೆ ಅಂದುಕೊಳ್ಳಬೇಡಿ. ಸೆಲ್‌ನಿಂದ ಕರೆಂಟ್ ಬರುತ್ತಿದೆ ಅಂತ ಮಾತ್ರ ಅದರ ಅರ್ಥ. ಫೋನ್ ಕ್ಯಾಮೆರಾ ಮುಂದೆ ಹಿಡಿದು ನೋಡುವ ಉಪಾಯವೂ ಇಲ್ಲಿ ನಡೆಯದು. ಅದು ಟಿವಿ ರಿಮೋಟ್‌ಗೆ ಸರಿ, ಅದರಿಂದ ಬರುವುದು ಇನ್‌ಫ್ರಾರೆಡ್. ಕಾರಿನ ರಿಮೋಟ್‌ನಿಂದ ಬರುವುದು ರೇಡಿಯೋ ಅಲೆ, ಕ್ಯಾಮೆರಾಗೆ ಕಾಣುವುದಿಲ್ಲ.

ಲೆಕ್ಕ ತಪ್ಪಿದಾಗ

ಇನ್ನು ಕೀ ಮತ್ತು ಕಾರಿನ ನಡುವಿನ ಲೆಕ್ಕ. ಹಿಂದೆ ರಿಮೋಟ್ ಪ್ರತಿ ಸಲವೂ ಒಂದೇ ಕೋಡ್ ಕಳಿಸುತ್ತಿತ್ತು. ಕಳ್ಳ ಅದನ್ನು ಒಮ್ಮೆ ರೆಕಾರ್ಡ್ ಮಾಡಿಕೊಂಡರೆ ಸಾಕು, ಮತ್ತೆ ಕಳಿಸಿ ಬಾಗಿಲು ತೆಗೆಯಬಹುದಿತ್ತು. ಅದನ್ನು ತಪ್ಪಿಸಲು ಪ್ರತಿ ಒತ್ತಿಗೂ ಕೋಡ್ ಬದಲಾಗುವ ಪದ್ಧತಿ ಬಂತು. ಇದನ್ನು ರೋಲಿಂಗ್ ಕೋಡ್ ಅನ್ನುತ್ತಾರೆ. ಇದರಲ್ಲಿ ಹೆಸರಾದದ್ದು ಕೀಲಾಕ್. ದಕ್ಷಿಣ ಆಫ್ರಿಕಾದಲ್ಲಿ 1980ರ ದಶಕದಲ್ಲಿ ಹುಟ್ಟಿತು, 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿ ಕೊಂಡಿತು. ಎಲ್ಲ ಕಾರುಗಳಲ್ಲೂ ಇದೇ ಇರುವುದಿಲ್ಲ, ಆದರೆ ತತ್ವ ಹೆಚ್ಚುಕಡಿಮೆ ಒಂದೇ.

ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ನೆನಪಿಸಿಕೊಳ್ಳಿ. ಒಂದೇ ಥರದ ಎರಡು ಕ್ಯಾಲೆಂಡರ್, ಒಂದು ಕೀ ಹತ್ತಿರ, ಇನ್ನೊಂದು ಕಾರಿನ ಹತ್ತಿರ. ಬಟನ್ ಒತ್ತಿದಾಗಲೆಲ್ಲ ಕೀ ಒಂದು ಹಾಳೆ ಹರಿದು ಕಳಿಸುತ್ತದೆ. ಕಾರು ಅದನ್ನು ನೋಡಿ ತನ್ನದನ್ನೂ ಅಲ್ಲಿಯವರೆಗೆ ಹರಿಯುತ್ತದೆ. ಹರಿದುಹೋದ ಹಾಳೆ ಮತ್ತೆ ಬಂದರೆ ಒಪ್ಪುವುದಿಲ್ಲ. ಮನೆಯಲ್ಲಿ ಮಗು ಬಟನ್ ಒತ್ತಿ ಆಡಿದರೆ ಕೀಯ ಹಾಳೆಗಳು ಮಾತ್ರ ಹರಿದು ಮುಂದೆ ಹೋಗುತ್ತವೆ. ಕೀಲಾಕ್ ಪದ್ಧತಿಯಲ್ಲಿ ಕೀ 16 ಹಾಳೆಯವರೆಗೆ ಮುಂದಿದ್ದರೆ ಕಾರು ತಕರಾರಿಲ್ಲದೆ ಒಪ್ಪುತ್ತದೆ. ಅದಕ್ಕಿಂತ ಮುಂದಿದ್ದು 32,768ರ ಒಳಗಿದ್ದರೆ ಬಾಗಿಲು ತೆಗೆಯುವುದಿಲ್ಲ, ಆದರೆ ಸಾಲಾಗಿ ಎರಡು ಸರಿಯಾದ ಹಾಳೆ ಬಂದರೆ ಲೆಕ್ಕ ಸರಿಮಾಡಿಕೊಳ್ಳುತ್ತದೆ.

ಸೆಲ್ ಹಾಕುವಾಗ ಬಟನ್‌ಗಳು ಬೆರಳಿನಡಿ ಸಿಕ್ಕಿ ಹತ್ತಾರು ಸಲ ಒತ್ತಿಹೋಗುತ್ತವೆ, ಅದೂ ಕಾರಿನಿಂದ ದೂರದಲ್ಲಿ. ಸೆಲ್ ಸಾಯುವ ದಿನಗಳಲ್ಲಿ ನಾವು ಕೋಪದಿಂದ ಒತ್ತಿದ್ದೂ ಈ ಲೆಕ್ಕಕ್ಕೇ ಸೇರುತ್ತದೆ. ಆದ್ದರಿಂದ ಕಾರಿನ ಪಕ್ಕ ನಿಂತು ಅನ್‌ಲಾಕ್ ಬಟನ್ ಒಂದೆರಡು ಸೆಕೆಂಡ್ ಬಿಟ್ಟು ಬಿಟ್ಟು ಮೂರು ನಾಲ್ಕು ಸಲ ಒತ್ತಿ. ಕೆಲವು ಕಂಪನಿಗಳು ತಮ್ಮದೇ ಕ್ರಮ ಇಟ್ಟಿವೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳ ಪುಸ್ತಕದಲ್ಲಿ ಇರುವುದು ಹೀಗೆ: ರಿಮೋಟ್ ಬಟನ್ ಒತ್ತಿ, ಒಂದು ನಿಮಿಷದೊಳಗೆ ಲೋಹದ ಕೀಯಿಂದ ಚಾಲಕನ ಬಾಗಿಲು ತೆಗೆಯಬೇಕು. ನಮ್ಮ ಚಾಕಣ್‌ನಲ್ಲೇ ತಯಾರಾಗುವ ಗಾಡಿಗಳು, ಆದರೂ ಪುಣೆಯ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಮಲಗಿರುವ ಪುಸ್ತಕ ತೆಗೆದು ನಿಮ್ಮ ಕಾರಿನ ಕ್ರಮ ಓದಿ. ಯೂಟ್ಯೂಬ್‌ನಲ್ಲಿ ಬೇರೆ ದೇಶದ, ಬೇರೆ ವರ್ಷದ ಮಾಡೆಲ್‌ಗೆ ಹೇಳಿದ್ದನ್ನು ಮಾಡಿ ಇನ್ನಷ್ಟು ಗೊಂದಲ ಮಾಡಿಕೊಳ್ಳುವವರೇ ಹೆಚ್ಚು.

ಮೊದಲೇ ಹೇಳಿದ ಹಳೆಯ ಕೀಗಳು ಇಲ್ಲಿ ಬರುತ್ತವೆ. ಲೆಕ್ಕವನ್ನು ಸೆಲ್ ಬಲದಲ್ಲೇ ನೆನಪಿಡುವ ಕೀಗಳು ಅವು. ಸೆಲ್ ಬಹಳ ಹೊತ್ತು ಹೊರಗಿದ್ದರೆ ಲೆಕ್ಕ ಮರೆಯುತ್ತವೆ. ಅವಕ್ಕೂ ಸಾಮಾನ್ಯವಾಗಿ ಇಗ್ನಿಷನ್ ಆನ್ ಮಾಡಿ ಬಟನ್ ಒತ್ತುವಂಥ ಒಂದು ಸುಲಭ ಕ್ರಮ ಇರುತ್ತದೆ. ಹಳೆಯ ಬಿಎಂಡಬ್ಲ್ಯು ಕೀಗಳದ್ದು ಮತ್ತೊಂದು ಕಥೆ. ಅವುಗಳಲ್ಲಿ ಕೆಲವಕ್ಕೆ ಬೋರ್ಡ್‌ಗೆ ಬೆಸೆದ, ಚಾರ್ಜ್ ಆಗುವ ವಿಎಲ್2020 ಸೆಲ್ ಇರುತ್ತದೆ. ಕೀ ಇಗ್ನಿಷನ್‌ನಲ್ಲಿ ಇದ್ದಾಗ ಅದು ಚಾರ್ಜ್ ಆಗುತ್ತದೆ. ಅದರ ಜಾಗಕ್ಕೆ ಮಾಮೂಲಿ ಸಿಆರ್ ಸೆಲ್ ಬೆಸೆಯಬಾರದು, ಅದು ಚಾರ್ಜ್ ಮಾಡುವ ಸೆಲ್ ಅಲ್ಲ.

ಬಟನ್ ಕೆಲಸ ಮಾಡಿ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಕೂಡಲೇ ನೆಲ, ಮೇಜು, ಮ್ಯಾಟ್ ಕೆಳಗೆ ಹುಡುಕಿ. ತಮಾಷೆಯಲ್ಲ. ಹಲವು ಕೀಗಳಲ್ಲಿ ಇಮ್ಮೊಬಿಲೈಸರ್ ಚಿಪ್ ಬೋರ್ಡ್‌ಗೆ ಸೇರಿರುವುದಿಲ್ಲ. ಸುಮಾರು 12 ಮಿಲಿಮೀಟರ್ ಉದ್ದದ ಕಪ್ಪು ತುಂಡು ಅಥವಾ ಗಾಜಿನ ಸಣ್ಣ ಕೊಳವೆ, ಕವಚದ ಒಂದು ಗೂಡಿನಲ್ಲಿ ಸುಮ್ನೆ ಕೂತಿರುತ್ತದೆ. ಕವಚ ಬಿಚ್ಚಿದಾಗ ಸದ್ದಿಲ್ಲದೆ ಜಾರಿ ಬೀಳುತ್ತದೆ. ಕಸ ಅಂತ ಗುಡಿಸಿ ಹಾಕಿಬಿಟ್ಟರೆ ದೊಡ್ಡ ಖರ್ಚು ಕಾದಿದೆ. ಹಳೆಯ ಕವಚ ಸವೆದಿದೆ ಅಂತ ರಸ್ತೆ ಬದಿಯ ಚಾವಿವಾಲಾ ಹತ್ತಿರ ಹೊಸ ಕವಚ ಹಾಕಿಸುವಾಗ ಇದು ಹೆಚ್ಚು. ಹಳೆಯ ಕವಚ ಅಲ್ಲೇ ಬಿಟ್ಟು ಬರಬೇಡಿ.

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಸ್ಮಾರ್ಟ್ ಕೀಯಲ್ಲಿ ಸೆಲ್ ಪೂರ್ತಿ ಸತ್ತಿದ್ದರೂ ದಾರಿ ಇದೆ. ಒಳಗಿನ ಲೋಹದ ಕೀ ಎಳೆದು ಚಾಲಕನ ಬಾಗಿಲು ತೆಗೆಯಿರಿ. ಕೀ ತೂತು ಕಾಣದಿದ್ದರೆ ಹ್ಯಾಂಡಲ್ ಪಕ್ಕದ ಚಿಕ್ಕ ಮುಚ್ಚಳದ ಹಿಂದೆ ಇರುತ್ತದೆ. ಅಲಾರಂ ಕೂಗಬಹುದು, ಗಾಬರಿ ಬೇಡ. ಬ್ರೇಕ್ ಒತ್ತಿ (ಗೇರ್ ಗಾಡಿಯಾದರೆ ಕ್ಲಚ್), ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು ಸ್ಟಾರ್ಟ್ ಮಾಡಿ. ಕೆಲವು ಕಾರುಗಳಲ್ಲಿ ಆ ಜಾಗ ಸ್ಟೀರಿಂಗ್ ಪಕ್ಕವೋ ಕಪ್ ಇಡುವ ಗುಂಡಿಯೊಳಗೋ ಇರುತ್ತದೆ. ಹೀಗೆ ಸ್ಟಾರ್ಟ್ ಆದರೆ ಕೋಡಿಂಗ್ ಸರಿ ಇದೆ ಅಂತ ಖಾತ್ರಿಯಾಯಿತು.

ಎರಡೂ ಕೀ ಕೆಲಸ ಮಾಡದಿದ್ದರೆ ಕಾರಿನ ದೊಡ್ಡ ಬ್ಯಾಟರಿ ದುರ್ಬಲವಾಗಿರಬಹುದು. ಗಣಪತಿ ಹಬ್ಬಕ್ಕೆ ಊರಿಗೆ ರೈಲಿನಲ್ಲಿ ಹೋಗಿ ಬಂದವರ ಕಾರುಗಳಲ್ಲಿ ಇದು ಮಾಮೂಲು. ಫ್ಯೂಸ್ ಹೋಗಿರಬಹುದು. ಯಾವುದಾದರೂ ಬಾಗಿಲು, ಡಿಕ್ಕಿ ಪೂರ್ತಿ ಹಾಕಿರದಿದ್ದರೂ ಹಲವು ಕಾರುಗಳು ಲಾಕ್ ಆಗುವುದಿಲ್ಲ. 433 ಮೆಗಾಹರ್ಟ್ಸ್ ಪಟ್ಟಿ ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು. ಗೇಟ್ ರಿಮೋಟ್, ವೈರ್‌ಲೆಸ್ ಕಾಲಿಂಗ್ ಬೆಲ್ ಎಲ್ಲವೂ ಅಲ್ಲೇ ಕೂಗಾಡುತ್ತವೆ. ಪಾರ್ಕಿಂಗ್‌ನ ಒಂದು ಮೂಲೆಯಲ್ಲಿ ಮಾತ್ರ ಕೀ ನಡೆಯದೆ, ಹೊರಗೆ ರಸ್ತೆಯಲ್ಲಿ ನಡೆದರೆ ಕಾರಣ ಇದೇ ಇರಬೇಕು.

ಮಳೆ ಮತ್ತು ಸಮುದ್ರದ ಮಾತು ಬೇರೆಯೇ. ಮುಂಬೈ, ಗೋವಾ ಕಡೆ ಕೀ ಬಿಚ್ಚಿದಾಗ ಕಾಂಟ್ಯಾಕ್ಟ್ ಮೇಲೆ ಹಸಿರು ಪುಡಿ ಕಾಣುವುದು ಅಪರೂಪವಲ್ಲ. ಅದನ್ನು ಆಲ್ಕೋಹಾಲ್ ಹಾಕಿ ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ ತೆಗೆಯಬೇಕು. ಕೀ ನೀರಿಗೆ ಬಿದ್ದರೆ ಮೊದಲು ಸೆಲ್ ತೆಗೆಯಿರಿ. ಕರೆಂಟ್ ಇದ್ದಾಗಲೇ ತುಕ್ಕು ವೇಗವಾಗಿ ತಿನ್ನುತ್ತದೆ. ಉಪ್ಪು ನೀರಾದರೆ ಶುದ್ಧ ನೀರಿನಲ್ಲಿ ಬೋರ್ಡ್ ತೊಳೆದು, ಆಮೇಲೆ ಆಲ್ಕೋಹಾಲ್‌ನಲ್ಲಿ ತೊಳೆದು, ಫ್ಯಾನ್ ಕೆಳಗೆ ಒಣಗಿಸಿ. ಅಕ್ಕಿ ಡಬ್ಬಿಯಲ್ಲಿ ಹುಗಿದರೆ ಉಪ್ಪು ಅಲ್ಲೇ ಉಳಿಯುತ್ತದೆ.

ಇಷ್ಟಾದರೂ ಆಗದಿದ್ದರೆ ಬೆಸುಗೆ ನೋಡಬೇಕು. ಸೆಲ್ ಎಬ್ಬಿಸಿದ ರಭಸಕ್ಕೆ ಹೋಲ್ಡರ್‌ನ ಬೆಸುಗೆ ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಬಟನ್ ಕೆಳಗಿನ ಪುಟ್ಟ ಸ್ವಿಚ್ ಕಿತ್ತಿರುತ್ತದೆ. ಇದು ಕಾರ್ ಮೆಕ್ಯಾನಿಕ್ ಕೆಲಸವಲ್ಲ, ಮೊಬೈಲ್ ರಿಪೇರಿ ಮಾಡುವ ನುರಿತ ಕೈಯ ಕೆಲಸ. ಹೋಲ್ಡರ್, ಸ್ವಿಚ್‌ಗಳು ಪುಣೆಯ ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಯಲ್ಲಿ, ಮುಂಬೈಯ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಹುಡುಕಬಹುದು.

ತೆಗೆದ ಸೆಲ್ ಮೇಜಿನ ಮೇಲೆ ಬಿಡಬೇಡಿ. ಖಾಲಿ ಅನಿಸಿದರೂ ಅದರಲ್ಲಿ ಸಾಕಷ್ಟು ಶಕ್ತಿ ಇರುತ್ತದೆ. 20 ಮಿಲಿಮೀಟರ್ ಸೆಲ್ ಚಿಕ್ಕ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರವಾಗಿ ಆಸ್ಪತ್ರೆಗೆ ಓಡಿ. ಹಳೆಯ ಸೆಲ್‌ನ ಎರಡೂ ಬದಿಗೆ ಟೇಪ್ ಸುತ್ತಿ, ಮನೆ ಕಸಕ್ಕೆ ಹಾಕದೆ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ.

ಕೊನೆಗೂ ಹೊಸ ಕೀ ಮಾಡಿಸಲೇಬೇಕಾದರೆ ಮನೆಯಲ್ಲಿರುವ ಎಲ್ಲ ಕೀಗಳನ್ನೂ ಒಯ್ಯಿರಿ. ಹಲವು ಕಾರುಗಳಲ್ಲಿ ಹೊಸ ಕೀ ಸೇರಿಸುವಾಗ ಹಳೆಯ ಪಟ್ಟಿಯೆಲ್ಲ ಅಳಿಸಿ ಮತ್ತೆ ಬರೆಯಬೇಕಾಗುತ್ತದೆ. ಆ ಹೊತ್ತಿಗೆ ಅಲ್ಲಿಲ್ಲದ ಕೀ ಮನೆಗೆ ಬಂದು ನೋಡಿದರೆ ಕೆಲಸಕ್ಕೆ ಬಾರದ್ದಾಗಿರುತ್ತದೆ. ಬೇರೆ ದೇಶದ ಕೀ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತರಿಸಬೇಡಿ. ಅಮೆರಿಕ, ಜಪಾನ್ ಮಾಡೆಲ್‌ಗಳಲ್ಲಿ 315 ಮೆಗಾಹರ್ಟ್ಸ್ ಇರುವುದು ಸಾಮಾನ್ಯ. ನೋಡಲು ಒಂದೇ ಥರ ಇದ್ದರೂ ನಿಮ್ಮ ಕಾರಿಗೆ ಅದು ಕೇಳಿಸುವುದಿಲ್ಲ. ದುಡ್ಡು ಕೊಡುವ ಮೊದಲು ಅಂಗಡಿಯ ಮುಂದೆಯೇ ಪ್ರತಿ ಕೀಯಿಂದಲೂ ಬಾಗಿಲು ಹಾಕಿ ತೆಗೆದು, ಎಂಜಿನ್ ಸ್ಟಾರ್ಟ್ ಮಾಡಿ, ಲೋಹದ ಕೀ ಬಾಗಿಲಲ್ಲಿ ತಿರುಗುತ್ತದಾ ನೋಡಿ.